ಡಬ್ಬ್ಯಾಗ ಬೀಳದ ಕಾಳು

ಆಗಸ್ಟ್ 4, ಸೋಮವಾರ. ಮುಂಜಾನೆ 6.10

ರೆಫರೆನ್ಸ್ ಮೂವತ್ತೊಂದನೇದು ಮುಗೀತು. ಇನ್ನ ಹನ್ನೊಂದು ಅದಾವು. ಜರ್ನಲ್‌ನವ್ರಿಗೆ ಇಸವಿ ಬ್ರಾಕೆಟ್‌ನ್ಯಾಗ ಬೇಕಂತ, ವಾಲ್ಯೂಮ್ ನಂಬರ್ ದಪ್ಪ ಅಕ್ಷರದಾಗ ಬೇಕಂತ... ಒಂದು ಕಾಮಾ ಸಲುವಾಗಿ ನಿನ್ನಿ ಅರ್ಧ ತಾಸು ಹೋತು. ಬ್ಯಾಸರ ಇಲ್ಲ. ಖರೇನ ಇಲ್ಲ. ಐವತ್ತಕ್ಕ ಮೊದಲನೇ ಪೇಪರ್ ಕಳಸೋ ಮನಷ್ಯಾಗ ಕಾಮಾ ಹಾಕೂದೂ ಹಬ್ಬನ.

ವಾಕಿಂಗ್ ಹೊಂಟೇನಿ. ಶಿಗ್ಗಾಂವ ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ. ಫೋನ್ ಅಂಗಿ ಕಿಸೆದಾಗ, ರೆಕಾರ್ಡಿಂಗ್ ಹಚ್ಚೇನಿ. ಎದುರು ಬಂದವ್ರು ಉಳಿವೆಪ್ಪ ಮಾಸ್ತರ್ಗೆ ತಲಿ ಕೆಟ್ಟೈತಿ ಅಂತ ತಿಳ್ಕೋತಾರ... ತಿಳ್ಕೊಳ್ಳಿ. ನಾಗರತ್ನಾ ಹೇಳಿಕೊಟ್ಟ ದಾರಿ ಇದು. "ನಿಮ್ಮ ನವಿಲಿನ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು. ಫೋನಿಗೆ ಹೇಳ್ರಿ. ಅದು ಎದ್ದು ಹೋಗೂದಿಲ್ಲ." ಹೆಂಡ್ತಿ ಮಾತು. ಅಂದಿನಿಂದ ದಿನಾ ಫೋನಿಗೆ ಹೇಳಾಕತ್ತೇನಿ. ಯಾರೂ ಕೇಳೂದಿಲ್ಲ ಅನ್ನೂದ ಒಂದು ಸುಖ.

ಇಪ್ಪತ್ನಾಲ್ಕು ವರ್ಷ ಝೂವಾಲಜಿ ಕಲಿಸಿದೆ. ಕಪ್ಪಿ ಕೊಯ್ಸಿದೆ, ಜಿರಳಿ ಕೊಯ್ಸಿದೆ. ಪಿಎಚ್‌ಡಿ ಅರ್ಧಕ್ಕ ಬಿಟ್ಟೆ — ಮೊದಲು ಅಪ್ಪನ ಆಸ್ಪತ್ರಿ ತಿರುಗಾಟ, ಆಮ್ಯಾಲೆ ನನ್ನ ಸೋಮಾರಿತನ. ಈಗ ಈ ಒಂದು ಪೇಪರ್. ಪಕ್ಷಿಗಳ ಬಗ್ಗೆ ವಿಶೇಷ ಸಂಚಿಕಿ ತರಾಕತ್ತಾರ, ಆಗಸ್ಟ್ 31 ಕಡೇ ತಾರೀಖು. ಅದು ತಪ್ಪಿದ್ರ ಮಾಮೂಲಿ ಸಾಲಿನ್ಯಾಗ ನಿಂದ್ರಬೇಕು... ವರ್ಷಗಟ್ಲೆ.

ಪೇಪರ್‌ದು ಒಂದ ಮಾತು. ಬಂಕಾಪುರ ಕೋಟ್ಯಾಗಿನ ಹೆಣ್ಣು ನವಿಲು ಶ್ರಾವಣ ಬಂತಂದ್ರ ಕೋಟೆ ಬಿಟ್ಟು ಹೊಲಕ್ಕ ಹೋಗ್ತಾವು. ಜೂನ್‌ನ್ಯಾಗ ಅರವತ್ತರ ಹತ್ರ ಇರ್ತಾವು, ಆಗಸ್ಟ್‌ನ್ಯಾಗ ಮೂವತ್ತು. ದೀಪಾವಳಿ ಹೊತ್ತಿಗೆ ಮತ್ತ ವಾಪಸ್. ನಾಲ್ಕೂ ವರ್ಷ ಹಂಗ. ಗ್ರಾಫ್ ನೋಡಿದ್ರ ಗೆರಿ ಬಾವ್ಯಾಗ ಇಳದು ಮ್ಯಾಲೆ ಹತ್ತಿದಂಗ ಐತಿ. ನಿಖತ ಅದನ್ನ ನೋಡಿ "ಸರ್, ಇದು ಯಾರೂ ಹೇಳಿಲ್ಲರಿ" ಅಂದಾಗ ನನಗ ಎರಡು ದಿನ ಊಟ ಸೇರಲಿಲ್ಲ.

ನಿಖತ ನನ್ನ ವಿದ್ಯಾರ್ಥಿನಿ. ಸವಣೂರಾಕಿ. ಕಪ್ಪಿ ಮುಟ್ಟಾಕ ಅಂಜಿ ಪ್ರಾಕ್ಟಿಕಲ್‌ನ್ಯಾಗ ಅತ್ತಾಕಿ. ಈಗ ಧಾರವಾಡದಾಗ ರಿಸರ್ಚ್ ಮಾಡ್ತಾಳ, ಲೆಕ್ಕ ಮಾಡಿ ಕೊಡ್ತಾಳ, ನನ್ನ ಇಂಗ್ಲಿಷ್ ಪ್ಯಾರಾಗ್ರಾಫ್ ಒಂದೊಂದ ಕೊಯ್ತಾಳ. ಕೈ ಒಂಚೂರೂ ನಡಗೂದಿಲ್ಲ. ಎಂಥಾ ಭಾಗ್ಯ ನಂದು... ನಾಯಿ. ತಡೀಪಾ, ಕಲ್ಲು ತಗೋತೇನಿ—

ಆಗಸ್ಟ್ 6, ಬುಧವಾರ. ಸಂಜಿ 4.40

ಸ್ಟಾಫ್ ರೂಮ್ ಖಾಲಿ. ನಿಖತಳ ಮೇಲ್ ಬಂದೈತಿ. ಮೆಥಡ್ಸ್ ಅನ್ನೂ ಭಾಗ ಪೂರಾ ಕೆಂಪು. "ಸರ್, ಎಣಿಕಿ ಯಾರು ಮಾಡ್ಯಾರ, ಎಷ್ಟೊತ್ತಿಗೆ, ಯಾವ ದಾರಿ ಹಿಡದು, ಒಂದೊಂದು ಹೆಜ್ಜೀನೂ ಬರೀರಿ. ಓದಿದವ್ರಿಗೆ ಅದನ್ನ ನೋಡ್ಕೊಂಡು ಹಂಗ ಎಣಿಸಾಕ ಬರಬೇಕು." ನಾ ಬರದಿದ್ದು ಒಂದ ಸಾಲು — ಸ್ಥಳೀಯ ಮಹಿಳೆಯೊಬ್ಬರ ನೆರವಿನಿಂದ. ಅದರ ಮಗ್ಗಲಕ್ಕ ಆಕಿ ಕೇಳ್ಯಾಳ: "ಇವ್ರಿಗೆ ಹೆಸರಿಲ್ಲೇನ್ರಿ ಸರ್?"

ನಾಚಿಕಿ ಆತು.

ಹೆಸರು ರೋಶನಬಿ. ಕೋಟೆ ಕಂದಕದ ದಂಡಿಗೆ ಮನಿ, ಎರಡು ಎಮ್ಮಿ. ದಿನಾ ಬೆಳಕು ಹರಿಯೂ ಹೊತ್ತಿಗೆ ಹುಲ್ಲಿಗೆ ಕೋಟ್ಯಾಗ ಹೋಗ್ತಾಳ. ನಾಲ್ಕು ವರ್ಷದ ಹಿಂದ ನಾ ಬೈನಾಕ್ಯುಲರ್ ಕೊಳ್ಳಾಗ ಹಾಕ್ಕೊಂಡು ಮೂರು ದಿನ ಎಣಿಸಿದ್ದೆ. ಒಂದಿನ ಹತ್ತೊಂಬತ್ತು, ಒಂದಿನ ನಲವತ್ತು, ಒಂದಿನ ಇಪ್ಪತ್ತೇಳು. ಆಕಿ ಹುಲ್ಲು ಕೊಯ್ಯೂದು ಬಿಟ್ಟು ನಗಾಕತ್ತಿದ್ಲು. "ಮಾಸ್ತರ, ನಿಮ್ಮ ಬಿಳಿ ಅಂಗಿ ನೋಡಿ ಅರ್ಧ ಓಡಿ ಹೋದ್ವು. ನನ್ನ ನೋಡಿ ಓಡೂದಿಲ್ಲ ಅವು. ನಾನೂ ಒಂದು ಹುಲ್ಲಿನ ಹೊರಿ ಅಂತ ತಿಳ್ಕೊಂಡಾವು."

ಅಂದಿನಿಂದ ಎಣಸೂದು ಆಕಿ. ಸೆರಗಿನ ಒಂದು ಗಂಟಿನ್ಯಾಗ ಕಡ್ಲಿ, ಇನ್ನೊಂದರಾಗ ಅಲಸಂದಿ. ಗಂಡು ಕಂಡ್ರ ಕಡ್ಲಿಕಾಳು, ಹೆಣ್ಣು ಕಂಡ್ರ ಅಲಸಂದಿಕಾಳು, ಸೊಂಟದ ಸ್ಟೀಲ್ ಡಬ್ಬಿಗೆ. ಮನ್ಯಾಗ ಸೊಸಿ ತಸ್ಲೀಮಾ ಕಾಳು ಎಣಿಸಿ ವಹಿಯೊಳಗ ಬರೀತಾಳ. ನಾ ಶನಿವಾರ ಸಂಜಿಗೆ ಹೋಗಿ ಚಾ ಕುಡದು, ವಹಿ ಫೋಟೋ ತಗೊಂಡು ಬರ್ತೇನಿ. ಚೆಕ್ ಮಾಡಾಕ ಅಂತ ರಜಾದಾಗ ನಾನೂ ಎಣಿಸೇನಿ — ಮೇದಾಗ, ಡಿಸೆಂಬರ್‌ನ್ಯಾಗ. ನನ್ನ ಲೆಕ್ಕಕ್ಕೂ ಆಕಿ ಕಾಳಿಗೂ ಒಂದೂ ಹೆಚ್ಚುಕಡಿಮಿ ಬರಲಿಲ್ಲ. ಅದನ್ನ ಪೇಪರ್‌ನ್ಯಾಗ ಎದಿ ಉಬ್ಬಿಸಿ ಬರದೇನಿ.

ಬಸ್‌ನ್ಯಾಗ ಚನ್ನೇಶ ಸಿಕ್ಕಿದ್ದ. ಕೋಟೆಗೆ ಹತ್ತಿ ಅವನ ಹೊಲ ಐತಿ. ಹಾನಗಲ್ ಸೆಮಿನಾರ್‌ನ್ಯಾಗ ನಾ ಮಾತಾಡಿದ್ದು ಯಾರೋ ಹೇಳ್ಯಾರ ಅವಗ. "ಸರ, ಹೆಣ್ಣು ನವಿಲು ಹೊಲಕ್ಕ ಬರ್ತಾವು ಅಂದ್ರಂತ. ನಮ್ಮ ಗೋವಿನಜೋಳದಾಗ ಈಗ ಒಂದೂ ಕಂಡಿಲ್ಲಲ್ರಿ?" "ನೀ ಮಲಗಿದ್ದಾಗ ಬಂದು ಹೋಗ್ತಾವೋ" ಅಂದೆ. ಬಸ್ ಪೂರಾ ನಕ್ಕಿತು. ಅಂವನೂ ನಕ್ಕ.

ಆಗಸ್ಟ್ 9, ಶನಿವಾರ. ಸಂಜಿ 6.15

ಬಂಕಾಪುರ. ರೋಶನಬಿ ಮನ್ಯಾಗ ಚಾ ಆತು. ತಸ್ಲೀಮಾ ಇವತ್ತ ಶುಂಠಿ ಜಾಸ್ತಿ ಹಾಕಿದ್ಲು, ಮೂಗು ಬಿಟ್ಟಂಗಾಗೇತಿ. "ಅಕ್ಕಾರ, ನಾಳೆ ನಾನೂ ನಿಮ್ಮ ಜೋಡಿ ಬರ್ತೇನಿ. ನೀವು ಹೆಂಗ ಎಣಸ್ತೀರಿ ಅನ್ನೂದನ್ನ ಬರೀಬೇಕಾಗೇತಿ" ಅಂದೆ. "ಕಾಳು ಹಾಕೂದರಾಗ ಬರಿಯೂದೇನೈತಿ?" ಅಂದ್ಲು. ಸೊಸಿ ಒಳಗಿಂದ: "ಅತ್ತಿ, ಸರ್ ಮತ್ತ ಬಿಳಿ ಅಂಗಿ ಹಾಕ್ಕೊಂಡು ಬಂದ್ರ?" 

ಕಂದು ಅಂಗಿ ಒಂದೈತಿ. ಅದನ್ನ ಹಾಕ್ಕೋತೇನಿ. ಮಳಿಗಾಲದಾಗ ಮುಂಜಾನೆ ಕೋಟ್ಯಾಗ ನಾ ಹೋಗಿದ್ದ ಇಲ್ಲ... ಈ ಟೈಮಿನ್ಯಾಗ ಕಾಲೇಜು ಇರ್ತೈತಲ್ಲ.

ಆಗಸ್ಟ್ 10, ಭಾನುವಾರ. ಮುಂಜಾನೆ 6.35

ಸಣ್ಣ ದನೀಲೆ ಹೇಳಾಕತ್ತೇನಿ. ಕೋಟೆ ಒಳಗ, ಅರವತ್ತು ಕಂಬದ ಗುಡಿ ಇನ್ನ ಮುಂದೈತಿ. ಹುಲ್ಲು ಮೊಣಕಾಲು ಮಟ. ರೋಶನಬಿ ಮುಂದ, ನಾ ಹತ್ತು ಹೆಜ್ಜಿ ಹಿಂದ. ಆಕಿ ನವಿಲಿನ ಕಡೆ ಮಾರಿ ಮಾಡಿ ನೋಡೂದ ಇಲ್ಲ. ಕುಡಗೋಲು ಆಡಿಸ್ತಾ ಹೋಗ್ತಾಳ, ಕೈ ಸೆರಗಿಗೆ ಹೋಗ್ತೈತಿ — ಟಣ್. ಮತ್ತ ಎರಡು ಹೆಜ್ಜಿ — ಟಣ್. ಇದನ್ನ ಇಂಗ್ಲಿಷ್‌ನ್ಯಾಗ ಹೆಂಗ ಬರೀಲಿ? ಬೇವಿನ ಗಿಡದಾಗ ನಾಲ್ಕು. ಟಣ್ ಟಣ್ ಟಣ್ ಟಣ್. ಅಬಬಾ, ನಾ ಎರಡ ನೋಡಿದ್ದೆ.

ಅಲ್ಲೊಂದು ಹೆಣ್ಣು ಹೊಂಟೈತಿ ದಾರಿ ಮ್ಯಾಲೆ. ಹಿಂದ ಮರಿ... ಸಣ್ಣವು, ಕೋಳಿ ಮರಿಗಿಂತ ಒಂಚೂರು ದೊಡ್ಡವು. ಎಷ್ಟು ಚಂದ ಅದಾವು. ನಾಲ್ಕು ಮರಿ—

ಯಾಕ, ಕಾಳು ಹಾಕಲಿಲ್ಲ ಆಕಿ?

ಆಗಸ್ಟ್ 10, ಮುಂಜಾನೆ 11.30

ಬಸ್ ಸ್ಟಾಪ್. ಮೂರು ಬಸ್ ಬಿಟ್ಟೆ.

ಹೇಳಿಬಿಡ್ತೇನಿ, ಮರೀಬಾರದು.

"ಅಕ್ಕಾರ, ಒಂದು ಕಾಳು ಮರತ್ರಿ" ಅಂದೆ.
"ಮರತಿಲ್ರಿ ಮಾಸ್ತರ."
"ಮತ್ತ ಈ ಹೆಣ್ಣು?"
"ಮಕ್ಕಳ ಅದಾವಲ್ರಿ ಆಕಿಗೆ."
"ಅದಾವು. ಅದಕ್ಕ?"

ನನ್ನ ಮಾರಿ ನೋಡಿದ್ಲು. ಇಂವ ಯಾವ ದೇಶದಿಂದ ಬಂದಾನ ಅನ್ನೂವಂಗ. "ಹಸಿ ಬಾಣಂತೀನ ಯಾರರ ಎಣಸ್ತಾರೇನ್ರಿ? ದಿಷ್ಟಿ ತಾಕೂದಿಲ್ಲ? ಮರಿ ಹಾರಾಕ ಕಲೀಲಿ, ಗಿಡಾ ಹತ್ತಿ ಕುಂದ್ರಲಿ. ಆಮ್ಯಾಲೆ ಹಾಕ್ತೇನಿ ಕಾಳು."

"ನಾಲ್ಕೂ ವರ್ಷ ಹಿಂಗ ಮಾಡೀರೇನು?"

"ನಾಲ್ಕು ವರ್ಷ ಯಾಕ್ರಿ, ಹುಟ್ಟಿದಾಗಿಂದ ಹಿಂಗ. ನಮ್ಮ ಕೋಳಿಗೂ ಹಂಗ, ಆಡಿಗೂ ಹಂಗ."

"ನನಗೊಂದು ಮಾತು ಹೇಳಬೇಕಿಲ್ಲೇನ್ರಿ ಅಕ್ಕಾರ?"

"ಇದನ್ನೇನ್ರಿ ಹೇಳೂದು? ನಿಮ್ಮವ್ವ ಹೇಳಿಲ್ಲೇನು ನಿಮಗ?"

ಹೇಳ್ಯಾಳ. ಹೇಳಿದ್ಲು ನಮ್ಮವ್ವ. ನಮ್ಮೂರು ದುಂಡಸಿಯೊಳಗ, ನಮ್ಮ ಹಿತ್ತಲದಾಗ. ಆಡು ಈದಿತ್ತು. ನಾ ಬಟ್ಟು ಮಾಡಿ ತೋರಿಸಿ ಒಂದು, ಎರಡು ಅನ್ನೂದರಾಗ ಕೈ ಮ್ಯಾಲೆ ಬಡದಿದ್ಲು. "ಎಣಸಬ್ಯಾಡ ಮಗನ, ಹಾಲು ಕುಡಿಯೂವು ಅವು." ನನಗ ಆರೋ ಏಳೋ ವರ್ಷ. ಆಮ್ಯಾಲೆ ಎಂಎಸ್ಸಿ ಮಾಡಿದೆ, ಪೂರಾ ಮರತೆ.

ಅಂದ್ರ... ಹೆಣ್ಣು ನವಿಲು ಎಲ್ಲೂ ಹೋಗೂದಿಲ್ಲ. ಕೋಟೆ ಬಿಡೂದಿಲ್ಲ. ಶ್ರಾವಣದಾಗ ಮರಿ ಮಾಡ್ತಾವು. ಮರಿ ಮಾಡಿದ್ದನ್ನ ರೋಶನಬಿ ಎಣಿಸೂದಿಲ್ಲ. ನಾ ಎಣಿಸಿ ನೋಡಿದ್ದು ಮೇದಾಗ, ಡಿಸೆಂಬರ್‌ನ್ಯಾಗ — ಮರೀನ ಇಲ್ಲದಾಗ. ಅದಕ್ಕ ಹೆಚ್ಚುಕಡಿಮಿ ಬರಲಿಲ್ಲ. ನನ್ನ ಗ್ರಾಫ್‌ನ್ಯಾಗಿನ ಬಾವಿ...

ನಾಲ್ಕನೇ ಬಸ್ ಬಂತು.

ಆಗಸ್ಟ್ 16, ಶನಿವಾರ. ಸಂಜಿ 5.20

ಆರು ದಿನ ಏನೂ ಹೇಳಲಿಲ್ಲ. ಫೋನಿಗೂ ಹೇಳಲಿಲ್ಲ. ನನ್ನಂಥಾ ಬಾಯಿಬಡಕಗ ಆರು ದಿನ.

ನಿಖತ ಅಬ್ಸ್‌ಟ್ರ್ಯಾಕ್ಟ್ ಕಳಿಸ್ಯಾಳ. ಗ್ರಾಫಿಗೆ ಬಣ್ಣ ಹಾಕ್ಯಾಳ, ನವಿಲಿನ ಕುತಿಗಿ ಬಣ್ಣ. "ಸರ್, ಮೆಥಡ್ಸ್ ಆತೇನ್ರಿ?" ಅಂತ ಮೆಸೇಜ್. ಹೆಬ್ಬೆಟ್ಟಿನ ಚಿತ್ರ ಒಂದು ಕಳಿಸಿ ಸುಮ್ನಾದೆ. ನಿನ್ನಿ ಧ್ವಜ ಏರಿಸಿದ ಮ್ಯಾಲೆ ಪ್ರಿನ್ಸಿಪಾಲರು ಮೈಕ್‌ನ್ಯಾಗ ಹೇಳಿದ್ರು — ನಮ್ಮ ಉಳಿವೆಪ್ಪ ಸರ್ ಬರೆದ ಸಂಶೋಧನಾ ಲೇಖನ ದೊಡ್ಡ ಜರ್ನಲ್‌ಗೆ ಹೊಂಟೈತಿ ಅಂತ. ಹುಡುಗೂರು ಚಪ್ಪಾಳಿ ಹೊಡದ್ರು. ಲಾಡು ಕೈಯಾಗಿತ್ತು, ಅಲ್ಲೇ ಹಿಡಕೊಂಡು ನಿಂತೆ.

ರೋಶನಬಿಗೆ ಇಂಗ್ಲಿಷ್ ಬರೂದಿಲ್ಲ. ಜರ್ನಲ್‌ನವ್ರಿಗೆ ಕೋಟೆ ಗೊತ್ತಿಲ್ಲ. ನಾ ಸುಮ್ನಿದ್ರ...

ಇವತ್ತ ಶನಿವಾರ. ಚಾಕ್ಕ ಹೋಗಲಿಲ್ಲ. ಜ್ವರ ಅಂತ ತಸ್ಲೀಮಾಗ ಫೋನ್ ಮಾಡಿ ಸುಳ್ಳ ಹೇಳಿದೆ.

ಆಗಸ್ಟ್ 17, ಭಾನುವಾರ. ಮುಂಜಾನೆ 10.05

ಬೆಳಿಗ್ಗಿ ಏಳಕ್ಕ ಬಾಗಲಾ ಬಡದ್ರು ಯಾರೋ. ತಸ್ಲೀಮಾನ ಗಂಡ ನಾಸೀರ. ಹುಬ್ಬಳ್ಳಿಗೆ ಹೊಂಟಿದ್ನಂತ, ದಾರ್ಯಾಗ ಇಳದಾನ. ಕೈಯಾಗ ಒಂದು ಬಾಟ್ಲಿ ಎಮ್ಮಿ ಹಾಲು, ಒಂದು ಪೊಟ್ಟಣ. "ಅಮ್ಮಿ ಕೊಟ್ಟಾಳ್ರಿ. ಸರ್‌ಗೆ ಜ್ವರ ಐತಂತ, ಇದನ್ನ ಕುದಿಸಿ ಕುಡಿಸಬೇಕಂತ." ಪೊಟ್ಟಣದಾಗ ಶುಂಠಿ, ಮೆಣಸು. ಇನ್ನೊಂದು ಕಾಗದದಾಗ ಈ ವಾರದ ಎಣಿಕಿ. ಒಂದಿನನೂ ತಪ್ಪಿಲ್ಲ. ಮಂಗಳವಾರ ಅಷ್ಟು ಮಳಿ ಹೊಡೀತು, ಅವತ್ತೂ ಐತಿ.

ನಾಗರತ್ನಾ ಹಾಲು ಕಾಸಾಕ ಇಟ್ಟು ಕೇಳಿದ್ಲು. "ಜ್ವರ ಯಾವಾಗ ಬಂದಿತ್ರಿ ನಿಮಗ?"

ಎಲ್ಲಾ ಹೇಳಿದೆ. ಹೇಳಿ, ಕಡೀಕ ಒಂದು ಮಾತು ಬಾಯಿಂದ ಬಿತ್ತು — "ಆ ಮುದುಕಿ ಆವತ್ತ ನನ್ನ ಮುಂದ ಒಂದು ಕಾಳು ಹಾಕಿಬಿಟ್ಟಿದ್ರ ಮುಗೀತಿತ್ತು."

ನಾಗರತ್ನಾ ಗ್ಯಾಸ್ ಸಣ್ಣ ಮಾಡಿದ್ಲು. "ನಾಲ್ಕು ವರ್ಷ ದಿನಾ ಮುಂಜಾನೆ ಎದ್ದಾಕಿ ಆಕಿ. ಮಲಕೊಂಡಿದ್ದವ್ರು ನೀವು. ತಪ್ಪು ಆಕೀದೇನು?"

ನಾ ಎಣಿಕಿ ಕಾಗದ ಮಡಚಿ ಕಿಸೆದಾಗ ಇಟ್ಟೆ.

"ಆಕಿ ಸುಳ್ಳ ಎಣಿಸಿಲ್ಲ. ನೀವು ಕೇಳಿಲ್ಲ. ಅಷ್ಟ. ಆ ಹುಡುಗಿ ನಿಖತಗ ಫೋನ್ ಹಚ್ಚರಿ. ನಿಮ್ಮ ಜೋಡಿ ಆಕೀ ಹೆಸರೂ ಐತಿ ಅದರಾಗ."

ಹಚ್ಚಿದೆ. ಹೇಳಿದೆ. "ಲೈನ್ ಕಟ್ ಆತೇನವಾ?" ಅಂದೆ. "ಇಲ್ರಿ ಸರ್. ಕುಂತೇನಿ" ಅಂದ್ಲು. ಹಾಳಿ ತಿರುವೋ ಸಪ್ಪಳ ಕೇಳಿಸ್ತು. "ಗ್ರಾಫ್ ತಗೀಬೇಕಾಗ್ತೈತ್ರಿ. ಪೇಪರ್ ಹೆಸರೂ ಬದಲಿ ಮಾಡಬೇಕು. ಉಳದದ್ದು ಏನೈತಿ ನೋಡಬೇಕು."

"ನನ್ನ ಮ್ಯಾಲೆ ಸಿಟ್ಟು ಬಂದೈತೇನು?"

"ಬಂದೈತ್ರಿ. ಒಂದು ವಾರ ಹೇಳದ ಇದ್ದಿದ್ದಕ್ಕ." ಆಮ್ಯಾಲೆ ಒಂಚೂರು ನಕ್ಕಂಗ ಕೇಳಿಸ್ತು. "ಆದ್ರ ಸರ್, ನಮ್ಮ ನಾನೀನೂ ಹಂಗ್ರಿ. ಕೋಳಿ ಬುಟ್ಟಿ ಮುಂದ ನಾವು ಬಟ್ಟು ಮಾಡಿದ್ರ ಬೈತಿದ್ಲು. ನಂಗೂ ಹೊಳಿಬೇಕಾಗಿತ್ತು. ಆಗಸ್ಟ್‌ನ್ಯಾಗ ಕಡಿಮಿ ಆಗ್ಯಾವಂದ್ರ ಬಾಣಂತನ ನೆನಪಾಗಬೇಕಿತ್ತೋ ಇಲ್ಲೋ... ಇಬ್ರೂ ಓದಿದವ್ರು ನೋಡ್ರಿ ನಾವು."

ಹಾಲು ಕುಡದೆ. ಜ್ವರ ಇಲ್ಲದಿದ್ರೂ ಕುಡದೆ. ಖಾರಕ್ಕ ಕಣ್ಣಾಗ ನೀರು ಬಂತು. ಖಾರಕ್ಕನ ಅಂತ ನಾಗರತ್ನಾಗ ಹೇಳೇನಿ.

ಆಗಸ್ಟ್ 18, ಸೋಮವಾರ. ಮುಂಜಾನೆ 7.30

ನಿಖತ ಎದ್ದ ಕೂಡ್ಲೇ ಫೋನ್ ಮಾಡ್ಯಾಳ. ನಾ ಬ್ರಶ್ ಬಾಯಾಗ ಇಟ್ಕೊಂಡ ಕೇಳಿದೆ.

"ಸರ್, ಡೇಟಾ ಕೆಟ್ಟಿಲ್ರಿ. ನಾವು ತಪ್ಪು ಓದೇವಿ. ಅಕ್ಕಾರು ಬಿಡೂದು ಮರಿ ಇದ್ದ ಹೆಣ್ಣು ಅಷ್ಟ ಹೌದಲ್ರಿ? ಮತ್ತ ಕಡಿಮಿ ಆದಷ್ಟು ಹೆಣ್ಣು ಮರಿ ಮಾಡ್ಯಾವು ಅಂತಾತಲ್ರಿ. ನಾಲ್ಕು ವರ್ಷದ್ದು. ಯಾವ ವಾರದಾಗ ಎಷ್ಟು ಬಾಣಂತಿ, ಎಲ್ಲಾ ಐತಿ ಆ ವಹಿಯೊಳಗ."

ಬ್ರಶ್ ಕೈಗೆ ತಗೊಂಡೆ.

"ಆದ್ರ ಇದು ನಾವು ಊಹಾ ಮಾಡಿದ್ದು. ತೋರಿಸಬೇಕು. ಈ ವರ್ಷ ಜೂನ್‌ನ್ಯಾಗ ಐವತ್ತೇಳು ಹೆಣ್ಣು ಇದ್ವು. ಈಗ ಅಕ್ಕಾರ ಕಾಳು ಎಷ್ಟು, ಮರಿ ಇದ್ದ ಹೆಣ್ಣು ಎಷ್ಟು — ಎರಡೂ ಕೂಡಿಸಿದ್ರ ಐವತ್ತೇಳರ ಹತ್ರ ಬರಬೇಕು. ಬಂದ್ರ ಪೇಪರ್ ಐತಿ. ಬರಲಿಲ್ಲಂದ್ರ ಇಲ್ಲ. ಹದಿಮೂರು ದಿನ ಅದಾವು ಸರ್. ಬಾಣಂತೀನ ಎಣಸೂದು ಯಾರು?"

ನಾನು. ಮತ್ಯಾರು.

ಆಗಸ್ಟ್ 19, ಮಂಗಳವಾರ. ಸಂಜಿ 6.40

ಒಪ್ಪಿಸಾಕ ಎರಡು ಕಪ್ ಚಾ ಬೇಕಾತು. ಮೊದಲು ಜ್ವರ ಸುಳ್ಳಂತ ಹೇಳಿಕೊಂಡೆ. "ಗೊತ್ತಿತ್ರಿ. ಜ್ವರ ಬಂದವ್ರ ದನಿ ಹಂಗಿರೂದಿಲ್ಲ ಅಂತ ತಸ್ಲೀಮಾ ಹೇಳಿದ್ಲು" ಅಂದ್ಲು ರೋಶನಬಿ. ಗೊತ್ತಿದ್ದೂ ಹಾಲು ಕಳಿಸ್ಯಾಳ.

ಆಮ್ಯಾಲೆ ವಿಷಯ ತಗದೆ. ಬಾಣಂತೀನ ನಾ ಎಣಸ್ತೇನಿ ಅಂದೆ.

"ನನ್ನ ಮುಂದ ಬ್ಯಾಡ್ರಿ."
"ದೂರ ನಿಂತು?"
"ದೂರ ನಿಂತ್ರ ದಿಷ್ಟಿಗೆ ಕಣ್ಣು ಕಾಣೂದಿಲ್ಲೇನು?"
"ಫೋಟೋ ತಗೀಲೇನ್ರಿ? ಬಾಯಾಗ ಎಣಸೂದಿಲ್ಲ, ಬಟ್ಟು ಮಾಡೂದಿಲ್ಲ."

ವಿಚಾರ ಮಾಡಿದ್ಲು. ಎಮ್ಮಿಗೆ ಹುಲ್ಲು ಹಾಕಿ ಬಂದು ಹೇಳಿದ್ಲು. "ಫೋಟೋ ನಡೀತೈತಿ. ತೊಟ್ಟಿಲದಾಗ ಹಾಕಿದಾಗ ಎಲ್ಲಾರೂ ತಗೀತಾರ. ಆದ್ರ ಎಣಸೂದು ನಿಮ್ಮ ಮನ್ಯಾಗ, ಅವುಗಳ ಕಿವಿಗೆ ಬೀಳದಂಗ. ಮತ್ತ ಮರೀನ ಎಣಸಬಾರದು. ಬರೇ ತಾಯಿ."

"ಬರೇ ತಾಯಿ" ಅಂದೆ.

"ಏನರ ಆತಂದ್ರ ನಿಮ್ಮ ತಲಿ ಮ್ಯಾಲೆ ಮಾಸ್ತರ."

ಆಗಸ್ಟ್ 24, ಭಾನುವಾರ. ಮುಂಜಾನೆ 9.15

ಐದನೇ ದಿನ. ನಾಕೂವರೆಕ್ಕ ಏಳ್ತೇನಿ, ಗಾಡಿ ಮ್ಯಾಲೆ ಬಂಕಾಪುರ, ಎಂಟಕ್ಕ ವಾಪಸ್, ಸ್ನಾನ, ಕಾಲೇಜು. ಮೈ ನೋಯ್ತೈತಿ. ಹುಲ್ಲಿನ ಇಬ್ಬನಿಗೆ ಪ್ಯಾಂಟ್ ಮೊಣಕಾಲ ಮಟ ಹಸಿ. ಆಕಿಗೆ ಅರವತ್ತೆರಡು ವರ್ಷ, ದಿನಾ ಹೋಗ್ಯಾಳ... ನಾ ಶನಿವಾರ ಚಾ ಕುಡದು ವಹಿ ಫೋಟೋ ತಗೊಂಡು ಬರ್ತಿದ್ದೆ, ಅದಕ್ಕ ಫೀಲ್ಡ್ ವರ್ಕ್ ಅಂತಿದ್ದೆ.

ಮನಿಗೆ ಬಂದು ಟೇಬಲ್ ಮ್ಯಾಲೆ ಫೋಟೋ ಎಣಸ್ತೇನಿ, ಬಾಗಲಾ ಹಾಕ್ಕೊಂಡು. ನಾಗರತ್ನಾ ಹೊರಗಿಂದ: "ಕಿಡಕೀನೂ ಹಾಕ್ರಿ, ನವಿಲಿಗೆ ಕೇಳಿಸೀತು."

ರೋಶನಬಿ ಕಾಳು ಮೂವತ್ಮೂರು. ನನ್ನ ತಾಯಂದಿರು ಇಪ್ಪತ್ತೊಂದು. ಐವತ್ನಾಲ್ಕು.

ಐವತ್ತೇಳು ಬೇಕು. ಐದು ದಿನದಿಂದ ಐವತ್ನಾಲ್ಕು, ಒಂದಿನ ಐವತ್ಮೂರು. ಮೂರು ಎಲ್ಲಿ?

ನಿಖತ ಹೇಳ್ತಾಳ — "ಇಷ್ಟು ಹತ್ರ ಬಂದದ್ದ ದೊಡ್ಡದು ಸರ್. ಮೂರು ಸತ್ತಿರಬಹುದು. ಇಲ್ಲಾ ಇನ್ನೂ ಕಾವಿಗೆ ಕುಂತಿರಬಹುದು, ಪೊದಿಯೊಳಗ ಕಾಣಂಗಿಲ್ಲ. ಮೂರರ ಲೆಕ್ಕ ಸಿಕ್ಕಿಲ್ಲ ಅಂತ ಹಂಗ ಬರಿಯೂಣ್ರಿ." ಬರಿಯೂಣ. ಖರೆ ಬರಿಯೂದು ಇಷ್ಟು ಹಗೂರ ಅಂತ ಗೊತ್ತಿರಲಿಲ್ಲ ನನಗ.

ಆದ್ರ ಆ ಮೂರು ತಲ್ಯಾಗ ಕುಂತಾವು.

ಆಗಸ್ಟ್ 27, ಬುಧವಾರ. ಮಧ್ಯಾಹ್ನ 1.10

ಗಣಪತಿ ಕುಂತ. ಕಡಬು ಆತು. ಚನ್ನೇಶ ಸಿಕ್ಕಿದ್ದ ಪೇಟ್ಯಾಗ, ಗಣಪತಿ ತಗೊಂಡು ಹೊಂಟಿದ್ದ. ನಿಂದ್ರಿಸಿ ಹೇಳಿದೆ. "ಚನ್ನೇಶ, ನೀ ಹೇಳಿದ್ದ ಖರೆ. ನಿನ್ನ ಗೋವಿನಜೋಳಕ್ಕ ಅವು ಬಂದಿಲ್ಲ. ಬಸ್‌ನ್ಯಾಗ ನಿನ್ನ ನಗಿಪಾಟಲ ಮಾಡಿದೆ, ತಪ್ಪಾತಪಾ." "ಅದನ್ನ ಇನ್ನೂ ಇಟ್ಕೊಂಡೀರೇನ್ರಿ ಸರ? ಗಣಪತಿ ಭಾರ ಐತಿ, ಬಿಡ್ರಿ ಮೊದಲು" ಅಂದ.

ಹಾನಗಲ್‌ನವ್ರಿಗೂ ಪತ್ರ ಬರದೆ. ಸೆಮಿನಾರ್‌ನ್ಯಾಗ ಹೇಳಿದ್ದು ತಪ್ಪೈತಿ ಅಂತ. ಅಲ್ಲಿ ನನಗ ಹೊದಿಸಿದ ಶಾಲು ವಾಪಸ್ ಕೇಳಿಲ್ಲ ಇನ್ನೂ.

ಆಗಸ್ಟ್ 29, ಶುಕ್ರವಾರ. ಸಂಜಿ 5.50

ಇವತ್ತಿಂದು ಪೂರಾ ಹೇಳಬೇಕು.

ಜರ್ನಲ್ ಪೋರ್ಟಲ್‌ನ್ಯಾಗ ಒಬ್ಬೊಬ್ಬ ಲೇಖಕರ ಹೆಸರು, ಇಮೇಲ್, ಸಂಸ್ಥೆ, ಹುದ್ದೆ ತುಂಬಬೇಕು. ತುಂಬದ ಮುಂದ ಹೋಗೂದ ಇಲ್ಲ ಅದು. ಮೂರು ಹೆಸರು — ಉಳಿವೆಪ್ಪ, ರೋಶನಬಿ, ನಿಖತ. ಇದು ನಿಖತಳ ಹಟ, ನಂದೂ ಇತ್ತು. ಲ್ಯಾಪ್‌ಟಾಪ್ ತಗೊಂಡು ರೋಶನಬಿ ಕಟ್ಟಿ ಮ್ಯಾಲೆ ಕುಂತೆ. ನಿಖತ ಫೋನ್‌ನ್ಯಾಗ, ಸ್ಪೀಕರ್ ಮ್ಯಾಲೆ.

"ನನ್ನ ಹೆಸರು ಯಾಕ್ರಿ? ಪೊಲೀಸ್ ಸ್ಟೇಷನ್‌ನ್ಯಾಗ ಬರಸಿದಂಗ ಆಗ್ತೈತಿ."
"ನಿಮ್ಮ ಕೆಲಸ ಐತ್ರಿ ಅಕ್ಕಾರ ಇದರಾಗ. ಸಹಿ ನೀವ ಮಾಡಬೇಕು" ಅಂದ್ಲು ನಿಖತ.
"ಮೊದಲು ಐತೋ ಕಡೀಕೈತೋ?"
"ನಡುವ ಐತ್ರಿ."
"ನಡುವ ಛಲೋ. ಎರಡೂ ಕಡೆ ಮಂದಿ ಇರ್ತಾರ."

ಇಮೇಲ್ ತಸ್ಲೀಮಾ ಅಲ್ಲೇ ಮಾಡಿ ಕೊಟ್ಲು. ಪಾಸ್‌ವರ್ಡ್ ಎಮ್ಮಿ ಹೆಸರಂತ, ನನಗ ಹೇಳಿಲ್ಲ. ಹುದ್ದೆ ಅಂತ ಬಂತು. ನಾ ಫೀಲ್ಡ್ ಅಬ್ಸರ್ವರ್ ಅಂತ ಟೈಪ್ ಮಾಡಿ ಅದರ ಅರ್ಥ ಹೇಳಿದೆ. "ಹುಲ್ಲು ಕೊಯ್ಯಾಕಿ ಅಂತ ಬರೀರಿ. ಹುಲ್ಲಿಗೆ ಹೋಗಿದ್ದಕ್ಕ ಅವು ಕಂಡಾವು." ಅಳಿಸಿ ಹಂಗ ಬರದೆ. ಸಂಸ್ಥೆ — ಕೋಟೆ, ಬಂಕಾಪುರ. ಪೋರ್ಟಲ್ ತಗೊಂಡಿತು. ಹಸಿರು ಗೆರಿ ಬಂತು.

ಆಮ್ಯಾಲೆ ಮೆಥಡ್ಸ್‌ನ್ಯಾಗಿನ ಸಾಲು ಕನ್ನಡದಾಗ ಓದಿ ಹೇಳಿದೆ. ಮರಿ ಜೋಡಿ ಇದ್ದ ಹೆಣ್ಣನ್ನ ಎಣಿಸಿದವರು ಬೇಕಂತ ಬಿಟ್ಟಾರ, ಇದು ಇಲ್ಲಿನ ರೂಢಿ.

"ಬೇಕಂತ ಬಿಟ್ಟಾರ ಅಂದ್ರ ಗಂಡ ಬಿಟ್ಟಂಗ ಕೇಳಿಸ್ತೈತಲ್ರಿ. ಮರ್ಯಾದಿಗೆ ಬಿಟ್ಟಾರ ಅಂತ ಬರೀರಿ."

ನಾ ನಿಖತ ಇದ್ದ ಫೋನ್ ಕಡೆ ಬಗ್ಗಿದೆ. "ರಿವ್ಯೂವರ್ ಕೇಳ್ತಾರವಾ, ಮರ್ಯಾದಿ ಅಂದ್ರೇನು ಅಂತ" ಅಂದೆ ನಾ.

"ಕೇಳ್ಲಿ ಬಿಡ್ರಿ ಸರ್. ಹೇಳಾಕ ನೀವದೀರಲ್ಲ. ನಿಮ್ಮ ಬಾಯಿ ಇದ್ದೂ ಏನು ಉಪಯೋಗ?"

ರೋಶನಬಿ ನಕ್ಕದ್ದು ಕಂದಕದ ಆ ಕಡಿಗೆ ಕೇಳಿರಬೇಕು.

ನನ್ನ ಪೇಪರ್ ಅಂತಿದ್ದೆ ನಾಲ್ಕು ವರ್ಷ. ಯಾರಿಗೆ ಹೇಳಲಿ ಇದನ್ನ. ತಪ್ಪು ಕಳಿಸೂದರಾಗಿದ್ದೆ, ಒಬ್ಬಾಕಿ ಕಾಳು ಹಾಕದ ನಿಂದ್ರಿಸಿದ್ಲು, ಒಬ್ಬಾಕಿ ಗ್ಯಾಸ್ ಸಣ್ಣ ಮಾಡಿ ಮಾತಾಡಿದ್ಲು, ಒಬ್ಬಾಕಿ ಕೆಡವಿದ್ದನ್ನ ಮತ್ತ ಕಟ್ಟಿಕೊಟ್ಲು. ನಮ್ಮವ್ವಗೂ ಸಲ್ಲಬೇಕು ಇದು. ಕೈ ಮ್ಯಾಲೆ ಬಡದದ್ದಕ್ಕ. ಧನ್ಯವಾದಗಳ ಭಾಗಕ್ಕ ಐವತ್ತು ಶಬ್ದ ಅಷ್ಟ ಕೊಟ್ಟಾರ ಜರ್ನಲ್‌ನವ್ರು. ನನ್ನಂಥಾವಗ ಐವತ್ತು ಶಬ್ದ...

ಭಾನುವಾರ ಮುಂಜಾನೆ ಕಡೇ ಎಣಿಕಿ. ಆ ಅಂಕಿ ಹಾಕಿ ಮಧ್ಯಾಹ್ನ ಸಬ್‌ಮಿಟ್.

ಆಗಸ್ಟ್ 31, ಭಾನುವಾರ. ಮುಂಜಾನೆ 6.20

ಕೋಟೆ. ಮಂಜು ಬಿದ್ದೈತಿ, ಗುಡಿ ಕಂಬ ಅರ್ಧ ಅಷ್ಟ ಕಾಣ್ತಾವು. ರೋಶನಬಿ ದಣದಾಳ ಇವತ್ತ, ಗುಡಿ ಮೆಟ್ಟಲ ಮ್ಯಾಲೆ ಕುಂತಾಳ. ನಾನೂ ಮಗ್ಗಲಕ್ಕ ಕುಂತೇನಿ. ಡಬ್ಬಿ ಇಬ್ಬರ ನಡುವ ಐತಿ. ದಾರಿ ಮುಗೀತು. ಆಕಿದೂ ಆತು, ನಂದೂ ಆತು. ಮನಿಗೆ ಹೋಗಿ ನೋಡಬೇಕು, ಆದ್ರ ನನಗ ಅಂದಾಜ ಐತಿ... ಮತ್ತ ಐವತ್ನಾಲ್ಕ. ಇರಲಿ. ಅಷ್ಟ ಬರೀತೇವಿ. ಮೂರರ ಲೆಕ್ಕ ಸಿಕ್ಕಿಲ್ಲ.

ಎಲ್ಲಾ ಫೈಲ್ ರೆಡಿ ಅದಾವು. ಕಾಮಾನೂ.

ಆಕಿ ಕೇಳಾಕತ್ತಾಳ, ಫೋನಿಗೆ ಯಾರ ಜೋಡಿ ಮಾತಾಡ್ತೀರಿ ಅಂತ. ಯಾರೂ ಇಲ್ರಿ ಅಕ್ಕಾರ. ಹಂಗ.

...ಏನ್ರಿ? ಎಲ್ಲಿ?

ಕಂದಕದ ಕಡೆ ಪೊದಿ ಅಲ್ಲಾಡಾಕತ್ತೈತಿ. ಹೆಣ್ಣು. ನಿನ್ನಿ ಮೊನ್ನಿ ಇರದಾಕಿ... ಎದಿ ಮ್ಯಾಲಿನ ಪುಕ್ಕ ಎಲ್ಲಾ ತಿಕ್ಕಿ ಹೋಗ್ಯಾವು, ಕಾವಿಗೆ ಕುಂತು ಎದ್ದಾಕಿ. ಹಿಂದ ಮರಿ. ಒಣಗಿದ ಎಲಿ ಬಣ್ಣ, ಹೆಜ್ಜಿ ಇಡಾಕ ಇನ್ನೂ ಬರವಲ್ದು. ರೋಶನಬಿ ಕೈ ಸೆರಗಿಗೆ ಹೋಗಿಲ್ಲ. ಡಬ್ಬ್ಯಾಗ ಸಪ್ಪಳಿಲ್ಲ. ಆಕೀ ಹಿಂದ ಇನ್ನೊಂದು ಹೆಣ್ಣು ಬರಾಕತ್ತೈತಿ, ಅದರ ಹಿಂದನೂ ಸಣ್ಣವು... ಮತ್ತ ಪೊದಿ ಅಲ್ಲಾಡಾಕತ್ತೈತಿ. ಅಯ್ಯ ನನ್ನವ್ವ. ಇದು—

ರೋಶನಬಿ ನನ್ನ ಮಾರಿ ನೋಡಾಕತ್ತಾಳ.

ಇಲ್ರಿ ಅಕ್ಕಾರ. ಹೇಳೂದಿಲ್ಲ. ಫೋನ್ ಬಂದ್ ಮಾಡ್—